ಎಲ್ಲ ಬರೆದಾಗಿರುವಾಗ ಇತಿಹಾಸಕಾರರಿಗೆ ಇನ್ನೇನು ಕೆಲಸ?

ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509 ಅಂತ ಶಾಲೆಯ ಪುಸ್ತಕದಲ್ಲೇ ಇದೆ, ಹೀಗೆ ಎಲ್ಲವೂ ಗೊತ್ತಿರುವಾಗ ಇತಿಹಾಸಕಾರರು ದಿನವಿಡೀ ಮಾಡುವುದೇನು, ಅದರಿಂದ ಹೊಟ್ಟೆ ತುಂಬುತ್ತದಾ ಅಂತ ಕೇಳಿದ್ದೀರಿ. ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಬಿಡುವು ಸಿಕ್ಕಾಗ ಶಾಸನಗಳ ಹಿಂದೆ ಬೀಳುವವನು. ಹಾಗಾಗಿ ಆ 1509ನ್ನೇ ಹಿಡಿದುಕೊಂಡು ಹೇಳುತ್ತೇನೆ.

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನವಿದೆ. ಅದರಲ್ಲಿರುವ ಕಾಲ: ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಮಾಘ ಮಾಸ ಬರುವುದು ಇಂಗ್ಲಿಷ್ ಹೊಸ ವರ್ಷ ಶುರುವಾದ ಮೇಲಾದ್ದರಿಂದ 79 ಕೂಡಿಸಬೇಕು. ಅಲ್ಲಿಗೆ 1509ರ ಫೆಬ್ರವರಿ ಆಯಿತು. ಸರಿ ಅಂತ ಪುಸ್ತಕ ಮುಚ್ಚುವಷ್ಟರಲ್ಲಿ ಸಂವತ್ಸರ ಕಾಲಿಗೆ ತೊಡರುತ್ತದೆ. ಅರವತ್ತು ಸಂವತ್ಸರಗಳ ಲೆಕ್ಕ ಹಾಕಿದರೆ ಶಕ 1430 ವಿಭವ. ಶುಕ್ಲ ಬರುವುದು 1431ಕ್ಕೆ. ಆಗ ದಿನಾಂಕ 1510ರ ಜನವರಿಗೆ ಜಾರುತ್ತದೆ. ಕಲ್ಲಿನ ಮೇಲೆ ತಪ್ಪಿದ್ದು ಅಂಕಿಯೋ ಹೆಸರೋ? ಹೆಸರೇ ಸರಿ, ಅಂಕಿ ತಪ್ಪಿದೆ ಅನ್ನುವ ಕಡೆ ನಾನು ವಾಲುತ್ತೇನೆ. ಸಂವತ್ಸರದ ಹೆಸರು ಸಂಕಲ್ಪದಲ್ಲಿ, ಪಂಚಾಂಗದಲ್ಲಿ ದಿನಾ ಬಾಯಿಗೆ ಬರುವಂಥದ್ದು, ಅಂಕಿ ಹಾಗಲ್ಲ. ಇಷ್ಟಾದ ಮೇಲೂ ಆ ದಿನ ನಡೆದದ್ದು ಮೊದಲ ಪಟ್ಟಾಭಿಷೇಕವೋ, ಆಮೇಲಿನ ಉತ್ಸವವೋ ಅನ್ನುವುದು ಉಳಿಯುತ್ತದೆ. ಅದಕ್ಕೆ ಆಚೀಚಿನ ವರ್ಷಗಳ ಬೇರೆ ಶಾಸನಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದರಲ್ಲಿ ಯಾವ ಅರಸನ ಹೆಸರಿದೆ ಅಂತ ನೋಡಬೇಕು. ಪಠ್ಯಪುಸ್ತಕದ ಒಂದು ಇಸವಿಯ ಹಿಂದೆ ಇಷ್ಟು ಎಳೆದಾಟ ಇರುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಇದೇ.

ಓದುವುದಕ್ಕೂ ಮೊದಲು ಕಲ್ಲಿನಿಂದ ಅಕ್ಷರ ತೆಗೆಯಬೇಕಲ್ಲ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಬೇಕು. ಕಲ್ಲನ್ನು ನೀರು, ಬ್ರಷ್ಷಿನಿಂದ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಲ್ಲೇ ಕುಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಕೂರುತ್ತದೆ. ಅರೆ ಒಣಗಿದಾಗ ಮಸಿಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಆಗ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಏಳುತ್ತವೆ. ಅಷ್ಟರಲ್ಲಿ ಅರ್ಧ ಊರು ಸೇರಿರುತ್ತದೆ. ಎಲ್ಲರದೂ ಒಂದೇ ಪ್ರಶ್ನೆ, ನಿಧಿ ಎಲ್ಲಿದೆ ಅಂತ ಬರೆದಿದ್ಯಾ ಸಾರ್? ಇಲ್ಲ, ದೇವರಿಗೆ ಗದ್ದೆ ಬಿಟ್ಟ ಲೆಕ್ಕ ಇದೆ ಅಂದರೆ ಯಾರೂ ನಂಬುವುದಿಲ್ಲ. ನಗುವ ವಿಷಯವೇನಲ್ಲ, ನಿಧಿಗಳ್ಳರು ಒಡೆದ ಕಲ್ಲುಗಳು ಬೇಕಾದಷ್ಟಿವೆ. ಇನ್ನು ಭಕ್ತಿಯಿಂದ ಎಣ್ಣೆ, ಕುಂಕುಮ ಮೆತ್ತಿ ಆಮೇಲೆ ಆಯಿಲ್ ಪೇಂಟ್ ಬಳಿದ ವೀರಗಲ್ಲು ಸಿಕ್ಕರೆ ಆ ದಿನ ಅಲ್ಲಿಗೆ ಮುಗಿಯಿತು.

ಕಲ್ಲಿನಲ್ಲಿ ಇದೆ ಅಂದಮಾತ್ರಕ್ಕೆ, ತಾಮ್ರಪಟದಲ್ಲಿ ಇದೆ ಅಂದಮಾತ್ರಕ್ಕೆ ನಿಜ ಅಂತಲೂ ಅಲ್ಲ. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಬ್ರಿಟಿಷರ ಕಾಲದ ಶಾಸನತಜ್ಞ ಜೆ.ಎಫ್. ಫ್ಲೀಟ್ ನಕಲಿ ಅಂತ ತಳ್ಳಿಹಾಕಿದರು. ಹೇಳಿಕೊಂಡ ಕಾಲಕ್ಕೂ ಲಿಪಿಗೂ ತಾಳೆಯಾಗುವುದಿಲ್ಲ ಎನ್ನುವುದು ಅವರ ಮುಖ್ಯ ವಾದಗಳಲ್ಲೊಂದು. ಅದೇ ಕಾಲದ ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಒಪ್ಪಲಿಲ್ಲ, ಇಬ್ಬರ ಜಗಳ ಬಹಳ ಕಾಲ ನಡೆಯಿತು. ನನಗೆ ನಕಲಿ ಪಟಗಳೇ ಹೆಚ್ಚು ಇಷ್ಟ. ಯಾರೋ ಒಬ್ಬ ಹಳೆಯ ಅರಸನ ಹೆಸರಿನಲ್ಲಿ ದಾನಪತ್ರ ಹುಟ್ಟಿಸುತ್ತಾನೆ ಅಂದರೆ ಹುಟ್ಟಿಸಿದವನ ಕಾಲದಲ್ಲಿ ಆ ಜಮೀನಿಗೆ ತಂಟೆ ಇತ್ತು ಅಂತ ಅರ್ಥ. ದಾನ ಸುಳ್ಳಿರಬಹುದು, ತಂಟೆ ಸುಳ್ಳಲ್ಲ.

ಎಲ್ಲರೂ ಕಲ್ಲಿನ ಹಿಂದೆ ಹೋಗುವುದಿಲ್ಲ ಅನ್ನಿ. ಆಧುನಿಕ ಕಾಲದವರು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕಡತ ತರಿಸಿಕೊಂಡು ಧೂಳು ಕುಡಿಯುತ್ತಾರೆ. ಮರಾಠರ ಕಾಲದ ಪತ್ರ ಬೇಕಾದವರು ಆಗ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಕಲಿಯುತ್ತಾರೆ, ಅದಕ್ಕೇ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಹೊಟ್ಟೆಪಾಡಿನ ವಿಷಯ. ಶುದ್ಧ ಸಂಶೋಧನೆಗೆ ಸಂಬಳ ಕೊಡುವ ಜಾಗ ಬಹಳ ಕಡಿಮೆ. ಬಹುಪಾಲು ಜನ ಎಂ.ಎ. ಮುಗಿಸಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಇಲ್ಲವೇ ಕೆ-ಸೆಟ್ ಪಾಸು ಮಾಡಿ ಮೇಷ್ಟ್ರಾಗುತ್ತಾರೆ. ಕಾಯಂ ಹುದ್ದೆ ಸಿಗುವ ತನಕ ಅತಿಥಿ ಉಪನ್ಯಾಸಕರ ಪಾಡು, ಅದನ್ನು ಬಿಡಿಸಿ ಹೇಳುವುದು ಬೇಡ. ಕೆಲವರು ಪುರಾತತ್ವ ಇಲಾಖೆಗೆ, ಮ್ಯೂಸಿಯಂಗಳಿಗೆ ಹೋಗುತ್ತಾರೆ. ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ, ಆದರೆ ಹುದ್ದೆಗಳು ಬೆರಳೆಣಿಕೆ. ನನ್ನಂಥವರ ದಿನ ಪಾಠ, ಮೌಲ್ಯಮಾಪನ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಫೈಲುಗಳಲ್ಲೇ ಹೋಗುತ್ತದೆ. ಸಂಶೋಧನೆ ಭಾನುವಾರಕ್ಕೆ ಬೀಳುತ್ತದೆ. ಬರೆದ ಲೇಖನಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಕೆಲವು ಕಡೆ ನಾವೇ ಕಟ್ಟಬೇಕು. ಅಂಥ ಪತ್ರಿಕೆಗಳಿಂದ ದೂರ ಇರಿ.

ನಿಜವಾಗಿ ಆಸಕ್ತಿ ಇದ್ದರೆ ಡಿಗ್ರಿಗೆ ಕಾಯಬೇಡಿ. ರೈಸ್ 1886ರಲ್ಲಿ ಕೊಡಗಿನಿಂದ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತವೆ, ಶಾಸನಗಳು ತಾಲ್ಲೂಕುವಾರು ಜೋಡಿಸಿವೆ. ನಿಮ್ಮ ತಾಲ್ಲೂಕಿನ ಪುಟ ತೆಗೆದು, ಅದರಲ್ಲಿ ಹೇಳಿದ ಕಲ್ಲು ಹೇಳಿದ ಜಾಗದಲ್ಲಿ ಈಗಲೂ ಇದೆಯಾ ನೋಡಿಕೊಂಡು ಬನ್ನಿ. ಇದ್ದರೆ ಪಕ್ಕದಿಂದ ಬೆಳಕು ಬೀಳುವ ಹೊತ್ತಿನಲ್ಲಿ ಫೋಟೋ ತೆಗೆಯಿರಿ, ನೇರ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಕಲ್ಲಿನ ಮೇಲೆ ಸೀಮೆಸುಣ್ಣ ಮಾತ್ರ ಉಜ್ಜಬೇಡಿ.