ಕೊಯ್ಲಿಗೆ ಎರಡು ವಾರ ಮುಂಚೆ ಬನ್ನಿ

ನಿಮ್ಮ ಪತ್ರ ಓದಿದೆ. ಐದು ವರ್ಷದ ಕೃಷಿ ಅಭಿವೃದ್ಧಿ ಯೋಜನೆಯೊಂದಕ್ಕೆ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನದ ಅಧಿಕಾರಿಯಾಗಿ ಹೊರದೇಶಕ್ಕೆ ಹೊರಟಿದ್ದೀರಿ. ಅಲ್ಲಿ ಬದುಕು ಹೇಗಿರುತ್ತದೆ, ಭಾಷೆ ಬಾರದೆ ಕೆಲಸ ಸಾಗುತ್ತದೆಯೇ, ಯೋಜನೆ ಮುಗಿದ ಮೇಲೂ ನೆಲೆ ನಿಲ್ಲಬಹುದೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ‘ಕೆಲಸದ ಬಗ್ಗೆ ಅಂಥ ಚಿಂತೆಯಿಲ್ಲ, ಪ್ರಗತಿ ವರದಿ ಬರೆಯುವುದು ತಾನೇ’ ಎಂದೂ ಸೇರಿಸಿದ್ದೀರಿ. ನಾನು ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಹದಿನೇಳು ವರ್ಷದ ಹಿಂದೆ ನಾನೂ ಅದನ್ನೇ ಅಂದುಕೊಂಡು ವಿಮಾನ ಹತ್ತಿದ್ದೆ.

ಮೊದಲ ಆರು ತಿಂಗಳು ಬಹಳ ಹಿತವಾಗಿತ್ತು. ಯಾವ ಹಳ್ಳಿಗೆ ಹೋದರೂ ಸ್ವಾಗತ, ಯಾವ ರೈತರನ್ನು ಮಾತನಾಡಿಸಿದರೂ ಹೊಗಳಿಕೆ. ಬೀಜ ಚೆನ್ನಾಗಿದೆಯೇ? ಚೆನ್ನಾಗಿದೆ. ತರಬೇತಿಯಿಂದ ಉಪಯೋಗವಾಯಿತೇ? ಆಯಿತು. ದುಭಾಷಿ ಒಂದೊಂದು ಉತ್ತರವನ್ನೂ ಇನ್ನಷ್ಟು ನಯಗೊಳಿಸಿ ನನ್ನ ಕಿವಿಗೆ ಹಾಕುತ್ತಿದ್ದರು. ‘ಫಲಾನುಭವಿಗಳಲ್ಲಿ ವ್ಯಾಪಕ ತೃಪ್ತಿ ಕಂಡುಬಂದಿದೆ’ ಎಂದು ಬರೆದು ಕಳುಹಿಸಿದೆ. ಆಮೇಲೊಂದು ದಿನ ಜೀಪು ಕೆಟ್ಟು, ಡಾಂಬರು ರಸ್ತೆಯಿಂದ ಬಹಳ ಒಳಗಿನ, ನಮ್ಮ ಭೇಟಿಯ ಪಟ್ಟಿಯಲ್ಲಿಲ್ಲದ ಹಳ್ಳಿಯೊಂದರಲ್ಲಿ ಮಧ್ಯಾಹ್ನವಿಡೀ ಕುಳಿತಿರಬೇಕಾಯಿತು. ಮೂರು ಗಂಟೆಯ ಹೊತ್ತಿಗೆ ನಾನು ಅಧಿಕಾರಿ ಎಂಬುದೇ ಅಲ್ಲಿದ್ದವರಿಗೆ ಮರೆತುಹೋಗಿತ್ತು. ಮುಸುಕಿನ ಜೋಳದ ಕಾಳು ಬಿಡಿಸುತ್ತಿದ್ದ ಹೆಂಗಸೊಬ್ಬರು ಒಳಗೆ ಹೋಗಿ ಗಡಿಗೆಯೊಂದನ್ನು ತಂದು ಮುಚ್ಚಳ ತೆಗೆದು ತೋರಿಸಿದರು. ಒಳಗೆ ನಮ್ಮ ಯೋಜನೆಯ ಮುದ್ರೆಯಿದ್ದ ಬೀಜದ ಪೊಟ್ಟಣ, ಹೊಲಿಗೆಯೂ ಬಿಚ್ಚಿರಲಿಲ್ಲ. ಬಿತ್ತನೆ ಮುಗಿದು ಮೂರು ವಾರವಾದ ಮೇಲೆ ಬಂತಂತೆ. ಮುಂದಿನ ಮಳೆಗಾದರೂ ಆಗಲಿ ಎಂದು ಎತ್ತಿಟ್ಟಿದ್ದರು.

ನನ್ನ ವರದಿಯಲ್ಲಿ ಆ ಹಳ್ಳಿಯ ಸಾಲು ಹೀಗಿತ್ತು: ಬೀಜ ವಿತರಣೆ, ಗುರಿ 120 ಮನೆ, ಸಾಧನೆ 120 ಮನೆ, ಪ್ರಗತಿ ಶೇ. 100. ಅದನ್ನು ಸುಳ್ಳು ಎನ್ನುವಂತಿರಲಿಲ್ಲ. ಪೊಟ್ಟಣ ತಲುಪಿದ್ದು ನಿಜ, ಹೆಬ್ಬೆಟ್ಟಿನ ಗುರುತು ಇದ್ದದ್ದೂ ನಿಜ. ಬೀಜ ಮಾತ್ರ ನೆಲಕ್ಕೆ ಬಿದ್ದಿರಲಿಲ್ಲ.

ಹೊರಗಿನಿಂದ ಬಂದವರ ಮುಂದೆ ಯಾರೂ ಬೇಸರದ ಮಾತು ಆಡುವುದಿಲ್ಲ. ಅದು ಮೋಸವಲ್ಲ, ಮರ್ಯಾದೆ. ಅದರ ಜೊತೆಗೆ, ಕೊಡುವ ಕೈಯನ್ನು ದೂರಿದರೆ ಮುಂದಿನ ವರ್ಷ ಪಟ್ಟಿಯಿಂದ ಹೆಸರು ಬಿದ್ದೀತು ಎಂಬ ಅಂಜಿಕೆಯೂ ಇರುತ್ತದೆ. ಹೊರದೇಶದಲ್ಲಿ ನಿಮ್ಮ ಬದುಕು ಬೇರೆ, ನಿಮ್ಮ ಕೆಲಸ ಬೇರೆ ಎಂದು ನೀವು ತಿಳಿದಿದ್ದರೆ ಅದನ್ನು ಇಲ್ಲಿಗೇ ಬಿಡಿ. ನಿಮ್ಮ ಮುಂದೆ ಜನ ಎಷ್ಟು ಸಲೀಸಾಗಿ ಬೇಸರ ತೋಡಿಕೊಳ್ಳುತ್ತಾರೋ ನಿಮ್ಮ ಅಂಕಿ ಅಷ್ಟೇ ಗಟ್ಟಿ.

ಬಂದ ವಾರದಲ್ಲೇ ನಿಮ್ಮ ಕೈಗೆ ಲಾಗ್‌ಫ್ರೇಮ್ ಎಂಬ ಕೋಷ್ಟಕ ಸಿಗುತ್ತದೆ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ 1969ರಲ್ಲಿ ರೂಪುಗೊಂಡದ್ದು ಅದು. ಈಗ ಹೆಚ್ಚೂಕಡಿಮೆ ಎಲ್ಲ ದಾನಿ ಸಂಸ್ಥೆಗಳೂ ಯಾವುದಾದರೊಂದು ರೂಪದಲ್ಲಿ ಅದನ್ನೇ ಕೇಳುತ್ತವೆ. ಮೇಲಿಂದ ಕೆಳಕ್ಕೆ ಅಂತಿಮ ಗುರಿ, ಉದ್ದೇಶ, ಉತ್ಪನ್ನ, ಚಟುವಟಿಕೆ. ಅಡ್ಡಕ್ಕೆ ವಿವರ, ಸೂಚಕ, ಪುರಾವೆ ಎಲ್ಲಿಂದ ಎಂಬುದು, ಕೊನೆಯಲ್ಲಿ ಊಹೆಗಳು. ಹೊಸಬರು ಎಡಗಡೆಯ ಮೂರು ಕಾಲಂಗಳಲ್ಲಿ ಮುಳುಗಿರುತ್ತಾರೆ. ನಾನು ಈಗ ಯಾವ ಯೋಜನೆಯ ದಾಖಲೆ ಬಂದರೂ ಮೊದಲು ಬಲತುದಿಗೆ ಹೋಗುತ್ತೇನೆ. ‘ಮಳೆ ಸಕಾಲಕ್ಕೆ ಆಗುತ್ತದೆ’, ‘ಮಾರುಕಟ್ಟೆ ದರ ಸ್ಥಿರವಾಗಿರುತ್ತದೆ’ ಎಂದು ಒಂದೊಂದು ಸಾಲಿನಲ್ಲಿ ಬರೆದಿರುತ್ತಾರೆ. ಬೇಸಾಯವೆಂಬುದರ ಮುಕ್ಕಾಲು ಪಾಲು ಕಷ್ಟವನ್ನು ಆ ಇಕ್ಕಟ್ಟಿನ ಕಾಲಂನಲ್ಲಿ ತುರುಕಿ, ಇದು ನಮ್ಮ ಜವಾಬ್ದಾರಿಯಲ್ಲ ಎಂದು ಕೈತೊಳೆದುಕೊಂಡಿರುತ್ತಾರೆ. ಬೀಜ ತಡವಾದದ್ದು ಏಕೆ ಗೊತ್ತೇ? ‘ಖರೀದಿ ಪ್ರಕ್ರಿಯೆ ವೇಳಾಪಟ್ಟಿಯಂತೆ ನಡೆಯುತ್ತದೆ’ ಎಂಬುದೂ ಊಹೆಗಳ ಪಟ್ಟಿಯಲ್ಲಿತ್ತು.

ಇನ್ನು ಇಳುವರಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ಹೆಚ್ಚಿನ ಜಗಳಗಳೆಲ್ಲ ಇಲ್ಲೇ ಆಗುವುದು. ರೈತರನ್ನು ಕೇಳಿದರೆ ‘ಹತ್ತು ಚೀಲ’ ಎನ್ನುತ್ತಾರೆ. ಯಾವ ಚೀಲ? ಗೊಬ್ಬರ ಬಂದ 50 ಕಿಲೋ ಚೀಲವೋ, ಬಾಯಿ ಕಟ್ಟಲಾಗದಷ್ಟು ತುಂಬಿದ ದೊಡ್ಡ ಚೀಲವೋ? ಕಾಳೋ, ತೆನೆಯೋ? ಹಸಿ ಇದ್ದಾಗಲೇ ಮುರಿದು ತಿಂದದ್ದು ಲೆಕ್ಕಕ್ಕೆ ಬಂತೇ? ಸಾಲ ತೀರಿಸಲು ಹೊಲದಿಂದಲೇ ಹೋದದ್ದು? ಜಮೀನಿನ ಅಳತೆಯೂ ಹಾಗೇ. ಬಾಯಿಮಾತಿನ ಅಳತೆಯನ್ನು ಜಿಪಿಎಸ್ ಅಳತೆಗೆ ಹೋಲಿಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಚಿಕ್ಕ ಹಿಡುವಳಿಯವರು ತಮ್ಮ ಜಮೀನನ್ನು ಇರುವುದಕ್ಕಿಂತ ಹೆಚ್ಚು ಹೇಳುತ್ತಾರೆ, ದೊಡ್ಡ ಹಿಡುವಳಿಯವರು ಕಡಿಮೆ. ಭಾಗಾಕಾರದ ಮೇಲಿನ ಅಂಕಿಯಾದ ಬೆಳೆಯೂ ತಪ್ಪು, ಕೆಳಗಿನ ಅಂಕಿಯಾದ ಜಮೀನೂ ತಪ್ಪು. ಭಾಗಿಸಿ ಬಂದದ್ದಕ್ಕೆ ಎರಡು ದಶಮಾಂಶ ಹಾಕಿ ಮೇಲಕ್ಕೆ ಕಳುಹಿಸುತ್ತೇವೆ.

ಅದಕ್ಕೇ ಬೆಳೆ ಕಟಾವು ಪ್ರಯೋಗ. ಹೊಲದಲ್ಲಿ ಯಾದೃಚ್ಛಿಕವಾಗಿ ಒಂದು ಮೂಲೆ ಗುರುತಿಸಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ, ಅದರೊಳಗಿನದನ್ನು ಮಾತ್ರ ಕೊಯ್ದು ತೂಗಬೇಕು. 25 ಚದರ ಮೀಟರ್ ಎಂದರೆ ಹೆಕ್ಟೇರಿನ ನಾನೂರನೆಯ ಒಂದು ಭಾಗ. ಹಗ್ಗದ ಮೇಲೆಯೇ ನಿಂತ ಗಿಡಗಳಿರುತ್ತವಲ್ಲ, ಅವು ಒಳಗೋ ಹೊರಗೋ? ಎಣಿಸುವ ಹುಡುಗರ ಕೈ ತಾನಾಗಿಯೇ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಪ್ಪ ತೆನೆ ಕಂಡರಂತೂ ಹಗ್ಗವೇ ಒಂದು ಗೇಣು ಸರಿಯುತ್ತದೆ. ಹಾಗೆ ನಾಲ್ಕು ತೆನೆ ಹೆಚ್ಚು ಬಂದು ಅರ್ಧ ಕಿಲೋ ಕಾಳು ಕೂಡಿತು ಎನ್ನಿ. ಹೆಕ್ಟೇರಿನ ಲೆಕ್ಕದಲ್ಲಿ 200 ಕಿಲೋ ಏರಿತು. ಚೌಕ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಅಂಚು ಹೆಚ್ಚು, ಹೀಗಾಗಿ ಈ ತಪ್ಪೂ ಹೆಚ್ಚು. ಇದನ್ನು 1940ರ ದಶಕದಲ್ಲೇ ಅಂಕಿ ಸಮೇತ ತೋರಿಸಿದವರು ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ. ಚಿಕ್ಕ ತುಂಡುಗಳ ಕಟಾವು ಇಳುವರಿಯನ್ನು ಉಬ್ಬಿಸುತ್ತದೆ ಎಂದು ಅವರು ವಾದಿಸಿದ್ದು, ಚಿಕ್ಕ ತುಂಡುಗಳನ್ನೇ ನೆಚ್ಚಿದ್ದ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರ ಪದ್ಧತಿಗೆ ಎದುರಾಗಿ. ಅದೇ ಸುಖಾತ್ಮೆ 1951ರಲ್ಲಿ ರೋಮ್‌ಗೆ ಹೋಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶ ವಿಭಾಗವನ್ನು ಸುಮಾರು ಎರಡು ದಶಕ ನಡೆಸಿದರು. ಈ ಕಸುಬಿನಲ್ಲಿ ಹೊರದೇಶಕ್ಕೆ ಹೋದವರಲ್ಲಿ ನಾವು ಮೊದಲಿಗರಲ್ಲ ಎಂದು ನೆನೆಸಿಕೊಂಡರೆ ನನಗೆ ಈಗಲೂ ಧೈರ್ಯ ಬರುತ್ತದೆ.

ತೇವಾಂಶವನ್ನು ಮರೆಯಬೇಡಿ. ಶೇ. 25 ತೇವಾಂಶವಿರುವ 10 ಕಿಲೋ ಕಾಳು ಶೇ. 12.5ಕ್ಕೆ ಒಣಗುವಾಗ ಸುಮಾರು ಎಂಟೂವರೆ ಕಿಲೋ ಆಗುತ್ತದೆ. ಆರಂಭಿಕ ಸಮೀಕ್ಷೆಯಲ್ಲಿ ಒಣಗಿಸಿ ತೂಗಿ, ಕೊನೆಯ ಸಮೀಕ್ಷೆಯಲ್ಲಿ ಹಸಿಯಾಗಿ ತೂಗಿದರೆ ಯಾವ ಗೊಬ್ಬರವೂ ಇಲ್ಲದೆ ಇಳುವರಿ ಹೆಚ್ಚಿಸಬಹುದು! ನಗಬೇಡಿ, ಇಂಥ ಒಂದು ವರದಿಗೆ ಕೇಕು ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ಒಂದು ಯೋಜನೆಯ ಪಾಡಷ್ಟೇ ಅಲ್ಲ. ಆಫ್ರಿಕಾದ ಮಲಾವಿಯಲ್ಲಿ 2006–07ರ ಮುಸುಕಿನ ಜೋಳದ ಉತ್ಪಾದನೆ ಸರ್ಕಾರದ ಬೆಳೆ ಅಂದಾಜಿನ ಪ್ರಕಾರ ಸುಮಾರು 34 ಲಕ್ಷ ಟನ್. ಅದೇ ಹಂಗಾಮಿಗೆ ಕೃಷಿ ಗಣತಿ ಕೊಟ್ಟ ಲೆಕ್ಕ ಸುಮಾರು 21 ಲಕ್ಷ ಟನ್. ಗೊಬ್ಬರದ ಸಬ್ಸಿಡಿಯಿಂದ ಆದ ಪವಾಡ ಎಂದು ಲೋಕವೆಲ್ಲ ಕೊಂಡಾಡಿದ್ದು ಮೊದಲನೆಯ ಅಂಕಿಯನ್ನು.

ಈಗ ನನ್ನ ತಪ್ಪು. ಮೊದಲ ವರ್ಷ ‘ತರಬೇತಿ ಪಡೆದ ರೈತರು: 3,140’ ಎಂದು ವರದಿ ಮಾಡಿದೆ. ಹಾಜರಿ ಪುಸ್ತಕಗಳನ್ನು ಕೂಡಿಸಿದ ಮೊತ್ತ ಅದು. ಮಳೆಗಾಲದಲ್ಲಿ ಕೈ ಬಿಡುವಾದಾಗ ಹೆಸರುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ. ಗೊಬ್ಬರದ ತರಬೇತಿಗೆ ಬಂದವರೇ ಉಗ್ರಾಣದ ತರಬೇತಿಗೂ ಬಂದಿದ್ದರು, ಅವರೇ ಸಾಲದ ತರಬೇತಿಗೂ. ಒಬ್ಬ ಹೆಂಗಸಿನ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಮೂರು ಜನವಾಗಿತ್ತು. ತಲೆ ಎಣಿಸಿದರೆ 1,870. ಉಳಿದವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ತಿದ್ದಲು ಹೋದರೆ ಕಚೇರಿಯ ತಂತ್ರಾಂಶವೇ ಒಪ್ಪಲಿಲ್ಲ: ಕೂಡುತ್ತಾ ಹೋಗುವ ಅಂಕಿ ಹಿಂದಿನ ತ್ರೈಮಾಸಿಕಕ್ಕಿಂತ ಇಳಿಯುವಂತಿಲ್ಲ ಎಂದು ಕೆಂಪಕ್ಷರದಲ್ಲಿ ತೋರಿಸಿತು. ಮೇಲಧಿಕಾರಿ ತಣ್ಣಗೆ, ‘ಇನ್ನೆರಡು ತ್ರೈಮಾಸಿಕ ಹಾಗೇ ಬಿಡಿ, ನಿಜವೇ ಅಲ್ಲಿಗೆ ಬಂದು ಸೇರುತ್ತದೆ’ ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಬಂತು. ಮೂರನೆಯ ದಿನ, ಮುಂದೆ ಬರುವ ಲೆಕ್ಕಪರಿಶೋಧಕರು ಇದೇ ಪುಸ್ತಕ ತೆರೆಯುತ್ತಾರಲ್ಲ ಎಂಬುದು ಹೊಳೆದ ಮೇಲೆ, ದಾನಿ ಸಂಸ್ಥೆಗೆ ಎರಡು ಪುಟದ ಟಿಪ್ಪಣಿ ಬರೆದೆ. ಅವರು ಬೈಯಲಿಲ್ಲ. ‘ಸೂಚಕದ ವ್ಯಾಖ್ಯೆ ಬದಲಾಗಿದೆ’ ಎಂದು ಒಂದು ಅಡಿಟಿಪ್ಪಣಿ ಹಾಕಿ ಮುಂದುವರಿದರು. ಅಂದಿನಿಂದ ನಾನು ಹಾಜರಿಯನ್ನೂ ತಲೆಯನ್ನೂ ಎರಡು ಬೇರೆ ಸಾಲಾಗಿ ಬರೆಯುತ್ತೇನೆ. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ.

ಮೊಬೈಲ್ ಬಂದ ಮೇಲೆ ಇದೆಲ್ಲ ಸರಿಹೋಗಿದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ. ಕೋಬೋ ಟೂಲ್‌ಬಾಕ್ಸ್‌ನಂಥ ಸಾಧನಗಳು ನಿಜಕ್ಕೂ ಉಪಕಾರಿ. ನೆಟ್‌ವರ್ಕ್ ಇಲ್ಲದ ಕಡೆಯೂ ಪ್ರಶ್ನಾವಳಿ ತುಂಬಬಹುದು, ಸಮಯ ಮತ್ತು ಸ್ಥಳ ದಾಖಲಾಗುತ್ತದೆ. ನಾನು ಉತ್ತರಗಳಿಗಿಂತ ಮೊದಲು ಅವೆರಡನ್ನೇ ನೋಡುತ್ತೇನೆ. ಐವತ್ತು ನಿಮಿಷ ಬೇಕಾದ ಸಂದರ್ಶನ ಏಳು ನಿಮಿಷದಲ್ಲಿ ಮುಗಿದಿದ್ದರೆ, ಇಪ್ಪತ್ತು ಮನೆಗಳೂ ಒಂದೇ ಮರದ ಕೆಳಗೆ ಇದ್ದಂತೆ ಕಂಡರೆ, ಆ ಸಮೀಕ್ಷಕರನ್ನು ಕರೆದು ಮಾತನಾಡಬೇಕು. ಬೈಯಲು ಅಲ್ಲ. ದಿನಕ್ಕೆ ಎಷ್ಟು ಮನೆಯ ಗುರಿ ಕೊಟ್ಟಿದ್ದಿರಿ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಭಾಷೆಯ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಬಂದಂತಾಯಿತು. ಕಚೇರಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಸಾಕು, ಹೊಲಕ್ಕೆ ಸಾಲದು. ವ್ಯಾಕರಣ ಕಾಯಲಿ, ಮೊದಲು ಚೀಲ, ಸಾಲ, ಹೋದ ವರ್ಷ, ಉಳಿದದ್ದು, ನನ್ನದು, ನಮ್ಮದು ಈ ಪದಗಳನ್ನು ಕಲಿಯಿರಿ. ‘ಇಳುವರಿ ಹೆಚ್ಚಾಯಿತೇ’ ಎಂದು ಎಂದೂ ಕೇಳಬೇಡಿ, ಆ ಪ್ರಶ್ನೆಯೊಳಗೇ ಉತ್ತರ ಕೂತಿದೆ. ‘ಈಗ ಮನೆಯಲ್ಲಿ ಎಷ್ಟು ಚೀಲ ಉಳಿದಿದೆ, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು’ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಆ ಮೌನವನ್ನು ಸಹಿಸುವುದು ನನಗೆ ಭಾಷೆಗಿಂತ ಕಷ್ಟವಾಯಿತು.

ಬದುಕಿನ ಬಗ್ಗೆ ಹೇಳುವುದು ಕಡಿಮೆ. ವಿದೇಶಿಯರೆಲ್ಲ ಒಂದೇ ಬಡಾವಣೆಯಲ್ಲಿರುತ್ತಾರೆ, ಎರಡು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ. ಅವರೊಂದಿಗೆ ಮಾತ್ರ ಬೆರೆತರೆ ಪ್ರತಿ ವರ್ಷ ವಿದಾಯಕೂಟಕ್ಕೆ ಹೋಗುವುದೇ ಆಗುತ್ತದೆ. ನನ್ನ ಮೊದಲ ನಿಜವಾದ ಗೆಳೆಯ ಒಬ್ಬ ವಿಸ್ತರಣಾ ಕಾರ್ಯಕರ್ತ, ಹಳ್ಳಿ ಸುತ್ತಿ ರೈತರಿಗೆ ಬೇಸಾಯದ ಸಲಹೆ ಕೊಡುವವನು. ನನ್ನ ಅಂಕಿಗಳನ್ನು ನೋಡಿ ಮುಖಕ್ಕೇ ನಕ್ಕವನು ಅವನೊಬ್ಬನೇ.

ನೆಲೆ ನಿಲ್ಲುವ ಮಾತಿಗೆ ಬಂದರೆ, ನಿಮ್ಮ ವೀಸಾ ನಿಮ್ಮ ಕರಾರಿಗೆ, ಕರಾರು ಯೋಜನೆಗೆ, ಯೋಜನೆ ದೂರದ ಯಾವುದೋ ರಾಜಧಾನಿಯ ಮನಸ್ಸಿಗೆ ಕಟ್ಟಿಕೊಂಡಿರುತ್ತದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ತಡೆ ಹಾಕಿತು, ಜುಲೈ 1ರ ಹೊತ್ತಿಗೆ ಯುಎಸ್‌ಏಡ್ ತನ್ನ ಕಾರ್ಯಕ್ರಮಗಳನ್ನು ನಡೆಸುವುದನ್ನೇ ನಿಲ್ಲಿಸಿತು. ಒಳ್ಳೆಯ ವರದಿ ಬರೆದವರೂ ಕೆಟ್ಟ ವರದಿ ಬರೆದವರೂ ಒಟ್ಟಿಗೆ ಪೆಟ್ಟಿಗೆ ಕಟ್ಟಿದರು. ಆರು ತಿಂಗಳ ಖರ್ಚಿನ ಹಣ ಕೈಯಲ್ಲಿಟ್ಟುಕೊಂಡೇ ಇರಿ. ಮಕ್ಕಳಿದ್ದರೆ ಮೊದಲ ವರ್ಷ ಶಾಲೆ ಬದಲಿಸಬೇಡಿ. ನೀವು ಒಂದು ಹಂಗಾಮು ಕಂಡ ಮೇಲೆ ಅವರು ಬರಲಿ.

ಹಂಗಾಮು ಎಂದದ್ದು ಸುಮ್ಮನೆ ಅಲ್ಲ. ವರದಿಯನ್ನು ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ, ಬೆಳೆ ಮಾತ್ರ ತನ್ನ ಹೊತ್ತಿಗೇ ಬರುತ್ತದೆ. ಮೊದಲ ತ್ರೈಮಾಸಿಕದ ಪುಟದಲ್ಲಿ ಇಳುವರಿಯ ಕಾಲಂ ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ, ಅಲ್ಲಿ ‘ನಿರೀಕ್ಷಿತ’ ಎಂದು ಏನಾದರೂ ತುಂಬುತ್ತೇವೆ, ಮುಂದೆ ಯಾರೋ ‘ನಿರೀಕ್ಷಿತ’ ಎಂಬ ಪದವನ್ನು ಅಳಿಸುತ್ತಾರೆ. ಖಾಲಿ ಬಿಡಿ; ‘ಕೊಯ್ಲಿನ ನಂತರ’ ಎಂದು ಬರೆಯಿರಿ.

ನಿಮ್ಮ ಕರಾರು ಶುರುವಾಗುವುದು ಆರ್ಥಿಕ ವರ್ಷದ ಮೊದಲ ದಿನ ಎಂದು ಬರೆದಿದ್ದೀರಿ. ಆ ದಿನ ಹೊಲದಲ್ಲಿ ಏನಿರುತ್ತದೆ ಎಂದು ಕರಾರು ಕೊಟ್ಟವರನ್ನು ಕೇಳಿ. ದಿನಾಂಕ ಸರಿಸಲು ಒಪ್ಪಿದರೆ ಕೊಯ್ಲಿಗೆ ಎರಡು ವಾರ ಮುಂಚೆ ಬನ್ನಿ. ಬರುವಾಗ 50 ಕಿಲೋವರೆಗೆ ತೂಗುವ ಒಂದು ನೇತಾಡುವ ತಕ್ಕಡಿ ತನ್ನಿ, ಕಚೇರಿಯಲ್ಲಿರುವುದರ ಮುಳ್ಳು ಸೊನ್ನೆಗೆ ನಿಲ್ಲುವುದಿಲ್ಲ. ಹಗ್ಗ ನನ್ನ ಬಳಿ ಇದೆ.