ಮಿನಿ ಲೇಥ್: ಥ್ರೆಡ್ ಹಾಕುವಾಗ ಕಟಕಟ ಸದ್ದು

ಚಕ್ ಸರಾಗ ತಿರುಗತೈತಿ, ಥ್ರೆಡ್ ಹಾಕುವಾಗ ಮಾತ್ರ ಕಟಕಟ ಅಂದು ಪಿಚ್ (ಥ್ರೆಡ್ಡಿನ ಸುತ್ತುಗಳ ಅಂತರ) ತಪ್ಪತೈತಿ ಅಂದ್ರ ಎಡಗಡೆ ಕವರ್ ಒಳಗಿನ ಪ್ಲಾಸ್ಟಿಕ್ ಚೇಂಜ್ ಗೇರ್ ಸವೆದಿರೋ ಸಾಧ್ಯತೆ ಹೆಚ್ಚು. ಲೀಡ್‌ಸ್ಕ್ರೂ (ಟೂಲ್ ಹೊತ್ತ ಕ್ಯಾರೇಜನ್ನ ಸರಿಸೋ ಉದ್ದ ಸ್ಕ್ರೂ) ಹಿಡಿಯೋ ಹಾಫ್‌ನಟ್ ಸವೆದರೂ ಹಿಂಗ ಆಗಬಹುದು. ಗೇರಿನ ಹಲ್ಲು ಚೂಪಾಗಿಲ್ಲ, ಮುರಿದಿಲ್ಲ ಅಂದ್ರ ಹಾಫ್‌ನಟ್ ನೋಡ್ರಿ.

ಮೊದಲು ಪ್ಲಗ್ ಕೀಳ್ರಿ, ಸ್ವಿಚ್ ಆಫ್ ಮಾಡಿದ್ರ ಸಾಲಂಗಿಲ್ಲ. ಯಾವ ಗೇರ್ ಎಲ್ಲಿ ಐತಿ ಅಂತ ಫೋಟೊ ತಗೊಂಡು, ಬ್ಯಾಂಜೊ (ಗೇರ್ ಹೊತ್ತಿರೋ ತೋಳು) ನಟ್ ಸಡಿಲಿಸಿ ಗೇರ್ ಎಳೀರಿ. ಶಾಫ್ಟಿನ ಸಣ್ಣ ಕೀ ಜಾರಿ ಬೀಳತೈತಿ, ಕೆಳಗ ಬಟ್ಟೆ ಹಾಸಿರ್ರಿ.

ಹೊಸದು ತರೋದಕ್ಕ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ಗೊತ್ತಿರಬೇಕು. ಅದೇ ಸಾಲಿನ ಸವೆಯದ ಗೇರಿನ ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಬಂದ ಮೊತ್ತದಿಂದ ಅದರ ಹೊರವ್ಯಾಸವನ್ನ ಭಾಗಿಸ್ರಿ: 40 ಹಲ್ಲು, 42 ಮಿ.ಮೀ. ಇದ್ರ ಮಾಡ್ಯೂಲ್ 1. ಅಗಲ, ಬೋರ್ (ನಡುವಿನ ತೂತು), ಕೀ ಕೂರೋ ಸೀಳು ಇವನ್ನೂ ಅಳೀರಿ. ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಗೇರ್ ಕಟ್ ಮಾಡೋರನ್ನ ವಿಚಾರಿಸ್ರಿ, ಹಳೇ ಗೇರ್ ಕೈಯಾಗಿರಲಿ. ಎಲ್ಲಾನೂ ಉಕ್ಕಿನದು ಮಾಡಿಸಬ್ಯಾಡ್ರಿ. ಒಂದಾದರೂ ಪ್ಲಾಸ್ಟಿಕ್ ಇದ್ರ ಕ್ಯಾರೇಜ್ ಸಿಕ್ಕಿಬಿದ್ದಾಗ ಅದು ಮುರಿದು ಲೀಡ್‌ಸ್ಕ್ರೂ ಉಳೀತೈತಿ.

ಕೂಡಿಸುವಾಗ ಹಲ್ಲುಗಳ ನಡುವೆ ಕಾಗದದ ಪಟ್ಟಿ ಇಟ್ಟು, ಒತ್ತಿ, ನಟ್ ಬಿಗಿ ಮಾಡ್ರಿ. ಚಕ್ ಕೈಲೆ ತಿರುವಿ ಪಟ್ಟಿ ಹೊರಗ ತಗೀರಿ. ಮಡಿಕೆ ಬಿದ್ದು ಹರಿಯದೆ ಬಂದ್ರ ಸಂದು ಸರಿ ಐತಿ. ಆಮ್ಯಾಲೆ ಕವರ್ ಹಾಕಿ ಕಡಿಮೆ ಸ್ಪೀಡಿನ್ಯಾಗ ಓಡಸ್ರಿ.