ವಾರಕ್ಕೆ ಎರಡು ದಿನ ಸಾಕು, ಆದರೆ ಬಿಪಿ ಮಾತ್ರೆ ಮೊದಲು

ಕೆಲಸದ ಒತ್ತಡದ ನಡುವೆ ಮೈಕಟ್ಟು ಉಳಿಸಿಕೊಳ್ಳುವುದು ಹೇಗೆ ಎಂಬ ಪತ್ರಗಳೇ ಈಚೆಗೆ ಜಾಸ್ತಿ. ಬರೆಯುವವರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ. ಈ ಸಲ ಒಂದು ಪತ್ರವನ್ನು ಎತ್ತಿಕೊಂಡು ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವರು ನಿಮಗೆ ಬೇಕಾದ್ದನ್ನು ಅದರಲ್ಲೇ ಹುಡುಕಿಕೊಳ್ಳಿ. ವಾರ್ಮ್‌ಅಪ್ ಬೇಕಾ, ನೀರು ಎಷ್ಟು ಕುಡಿಯಬೇಕು ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಜಾಗವಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್. ತೂಕ 74 ಕೆ.ಜಿ. ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದೆ, ಗರಡಿಗೂ ಹೋಗುತ್ತಿದ್ದೆ. ಈಗ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟೂವರೆಗೆ. ಮಾರ್ಚ್ ಬಂದರೆ ಕೇಳಲೇಬೇಡಿ. ತೋಳು, ತೊಡೆ ಸಣ್ಣಗಾಗಿವೆ, ಹೊಟ್ಟೆ ಮುಂದೆ ಬಂದಿದೆ. ಮೂರು ಸಲ ಜಿಮ್‌ಗೆ ವರ್ಷದ ದುಡ್ಡು ಕಟ್ಟಿ, ಮೂರೂ ಸಲ ತಿಂಗಳೊಳಗೆ ಬಿಟ್ಟಿದ್ದೇನೆ. ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ ಬರದಿದ್ದರೆ ಪ್ರಯೋಜನವಿಲ್ಲ ಅಂತಾರೆ ಟ್ರೈನರ್. ಬೆಳಿಗ್ಗೆ ನಾಲ್ಕೂವರೆಗೆ ಏಳಲೇ? ಮಲಗುವುದು ಹನ್ನೊಂದೂವರೆ ಆಗುತ್ತದೆ. ಮಾಂಸ ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ. ಅಂದ ಹಾಗೆ, ಬಿಪಿ 150/96 ಇದೆ. ಮಾತ್ರೆ ಕೊಟ್ಟಿದ್ದರು. ವ್ಯಾಯಾಮದಲ್ಲೇ ಇಳಿಯುತ್ತದೆ ಎಂದು ಟ್ರೈನರ್ ಹೇಳಿದ್ದಕ್ಕೆ ನಿಲ್ಲಿಸಿದ್ದೇನೆ.

ಉತ್ತರ: ‘ಅಂದ ಹಾಗೆ’ ಎಂದು ಕೊನೆಗೆ ಸೇರಿಸಿದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಪತ್ರದ ಮೊದಲ ಸಾಲು ಅದಾಗಬೇಕಿತ್ತು. ವ್ಯಾಯಾಮದಿಂದ ಬಿಪಿ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಿದವರಿಗೆ. ನೀವು ಪ್ರತಿ ಸಲ ತಿಂಗಳೊಳಗೆ ಬಿಟ್ಟವರು. ಅಂದರೆ ಈಗ ವ್ಯಾಯಾಮವೂ ಇಲ್ಲ, ಮಾತ್ರೆಯೂ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಬಿಡಿಸುವ ಅಧಿಕಾರ ಟ್ರೈನರ್‌ಗೆ ಯಾರು ಕೊಟ್ಟರು? ಬ್ಯಾಂಕಿನ ಲೋನ್ ಫೈಲಿಗೆ ಅವರು ಬಂದು ಸಹಿ ಹಾಕಿದರೆ ಸುಮ್ಮನಿರುತ್ತೀರಾ?

ಈ ವಾರವೇ ಫಿಸಿಶಿಯನ್ ಹತ್ತಿರ ಹೋಗಿ. ಬಿಪಿ ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿ. ಮಾತ್ರೆ ನಿಲ್ಲಿಸಿದ ವಿಷಯವನ್ನು ಮುಚ್ಚಿಡಬೇಡಿ. ಬಿಪಿ ಹತೋಟಿಗೆ ಬರುವ ತನಕ ನಡಿಗೆ ಸಾಕು, ಭಾರ ಎತ್ತುವುದು ಬೇಡ. ಹಗುರ ತೂಕಕ್ಕೆ ಅಡ್ಡಿಯಿಲ್ಲ ಎನ್ನುವ ಡಾಕ್ಟರೂ ಇದ್ದಾರೆ. ನಾನು ಈ ವಿಷಯದಲ್ಲಿ ಸ್ವಲ್ಪ ಪುಕ್ಕಲು, ಹಾಗೇ ಇರುತ್ತೇನೆ. ಆಮೇಲೆ ಎತ್ತುವಾಗಲೂ ಉಸಿರು ಬಿಗಿಹಿಡಿಯಬೇಡಿ. ಉಸಿರು ಕಟ್ಟಿ ಭಾರ ಎತ್ತಿದ ಆ ಕ್ಷಣದಲ್ಲಿ ಬಿಪಿ ಸರ್ರನೆ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ.

ಈಗ ಆರು ದಿನದ ಕಥೆಗೆ ಬರೋಣ. ನಿಮ್ಮನ್ನು ಮೂರು ಸಲ ಜಿಮ್ ಬಿಡಿಸಿದ್ದು ಸೋಮಾರಿತನ ಅಲ್ಲ, ಈ ಆರು ದಿನದ ಲೆಕ್ಕ. ಆರು ದಿನ ಆಗಲಿಲ್ಲ, ಹಾಗಾದರೆ ನಾಲ್ಕು ದಿನ ಹೋಗಿ ಏನು ಬಂತು ಎಂದು ಸೊನ್ನೆಗೆ ಇಳಿದಿರಿ. ಸ್ಪರ್ಧೆಗೆ ಇಳಿಯುವ ಹುಡುಗರಿಗೆ ಮಾಡಿದ ಪಟ್ಟಿಯನ್ನು ಬ್ಯಾಂಕ್ ಮ್ಯಾನೇಜರ್ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ನಾಯುಬಲದ ವ್ಯಾಯಾಮಕ್ಕೆ ಕೇಳುವುದು ವಾರಕ್ಕೆ ಕನಿಷ್ಠ ಎರಡು ದಿನ. ಅದರ ಜೊತೆಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು. ಅಷ್ಟೇ.

ಸ್ನಾಯು ಬೆಳೆಸುವುದಕ್ಕೆ ಬೇಕಾದ ಶ್ರಮ ಬೇರೆ, ಬೆಳೆದದ್ದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದ ಶ್ರಮ ಬೇರೆ. ಎರಡನೆಯದು ಎಷ್ಟು ಕಡಿಮೆ ಎಂದರೆ ಹೇಳಿದರೆ ಯಾರೂ ನಂಬುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಜನರಿಗೆ 16 ವಾರ, ವಾರಕ್ಕೆ ಮೂರು ದಿನ ಕಾಲಿನ ವ್ಯಾಯಾಮ ಮಾಡಿಸಿದರು. ಮುಂದಿನ 32 ವಾರ ಒಂದು ಗುಂಪಿಗೆ ವಾರಕ್ಕೆ ಒಂದೇ ದಿನ, ಮೊದಲಿನ ಒಂಬತ್ತನೇ ಒಂದು ಭಾಗದಷ್ಟು ಮಾತ್ರ. ಅಂದರೆ ಒಂದೊಂದು ವ್ಯಾಯಾಮಕ್ಕೆ ಒಂದೇ ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು). 20ರಿಂದ 35 ವಯಸ್ಸಿನವರಲ್ಲಿ ಬಲವೂ ಉಳಿಯಿತು, ಸ್ನಾಯುವಿನ ಗಾತ್ರವೂ ಉಳಿಯಿತು. 60 ದಾಟಿದವರಲ್ಲಿ ಬಲ ಹೆಚ್ಚುಕಡಿಮೆ ಉಳಿಯಿತು, ಗಾತ್ರ ಉಳಿಯಲಿಲ್ಲ. ವಯಸ್ಸಾದಂತೆ ಡೋಸ್ ಜಾಸ್ತಿ ಬೇಕು ಎಂದಾಯಿತು. ನೀವು ಈ ಎರಡರ ಮಧ್ಯೆ ಇದ್ದೀರಿ. ಅದಕ್ಕೇ ನಿಮಗೆ ಒಂದಲ್ಲ, ಎರಡು ದಿನ ಹೇಳುತ್ತಿದ್ದೇನೆ.

ಇದರಲ್ಲಿ ಒಂದು ಷರತ್ತಿದೆ. ಜನ ತಪ್ಪುವುದು ಅಲ್ಲೇ. ಬಿಡುವು ಕಡಿಮೆಯಾದಾಗ ಸೆಟ್ ಕಡಿಮೆ ಮಾಡಿ, ದಿನ ಕಡಿಮೆ ಮಾಡಿ, ತೂಕ ಮಾತ್ರ ಕಡಿಮೆ ಮಾಡಬೇಡಿ. ಅರ್ಧ ಗಂಟೆ ಸುಮ್ನೆ ಕೈಕಾಲು ಆಡಿಸುವುದಕ್ಕಿಂತ ಹತ್ತು ನಿಮಿಷ ಗಟ್ಟಿಯಾಗಿ ಮಾಡುವುದು ಮೇಲು. ಸೆಟ್ ಮುಗಿದಾಗ ಇನ್ನೆರಡು ಸಲ ಎತ್ತಬಹುದಿತ್ತು, ಮೂರನೆಯದು ಆಗುತ್ತಿರಲಿಲ್ಲ ಎನ್ನುವಂತಿರಬೇಕು. ಮೊಬೈಲ್ ನೋಡುತ್ತಾ ಎತ್ತಲು ಆಗುವ ತೂಕ ಲೆಕ್ಕಕ್ಕಿಲ್ಲ.

ನಿಮ್ಮ ವಾರವನ್ನೇ ತೆಗೆದುಕೊಳ್ಳಿ. ಭಾನುವಾರ ಒಂದು, ಬುಧವಾರ ಬೆಳಿಗ್ಗೆ ಏಳಕ್ಕೆ ಇನ್ನೊಂದು. ಒಂದೊಂದು ಸಲಕ್ಕೂ ಅರ್ಧ ಗಂಟೆ. ಸಂಜೆ ಇಟ್ಟುಕೊಳ್ಳಬೇಡಿ. ಬ್ಯಾಂಕಿನವರ ಸಂಜೆ ಬ್ಯಾಂಕಿನದು. ಎರಡನೇ, ನಾಲ್ಕನೇ ಶನಿವಾರ ಹೇಗೂ ರಜೆ. ಬುಧವಾರ ತಪ್ಪಿದ್ದರೆ ಅಂದು ತುಂಬಿಕೊಳ್ಳಿ. ಗರಡಿಗೆ ಹೋದವರಿಗೆ ನಾನು ಹೊಸದಾಗಿ ಕಲಿಸಬೇಕಾದ್ದು ಹೆಚ್ಚಿಲ್ಲ. ಬಸ್ಕಿ, ದಂಡ, ನೆಲದಿಂದ ಭಾರ ಎತ್ತುವುದು, ತನ್ನ ಕಡೆಗೆ ಎಳೆಯುವುದು. ಈ ನಾಲ್ಕರಲ್ಲಿ ಮೈಯ ದೊಡ್ಡ ಸ್ನಾಯುಗಳೆಲ್ಲ ಬಂದುಹೋಗುತ್ತವೆ. ಒಂದೊಂದಕ್ಕೂ ಮೂರು ಸೆಟ್. ತೋಳಿಗೆ ಅಂತ ಬೇರೆ ಮಾಡಬೇಡಿ, ಸಮಯ ಇಲ್ಲ ಎಂದವರು ನೀವೇ.

ಬರೀ ಮೈಭಾರದ ಬಸ್ಕಿ ಮೂವತ್ತು ಸಲೀಸಾಗಿ ಆಗುತ್ತಿದ್ದರೆ ಅದು ಸ್ನಾಯುವಿಗೆ ಹೆಚ್ಚಿನ ಕೆಲಸವಲ್ಲ. ಮಕ್ಕಳ ಸ್ಕೂಲ್ ಬ್ಯಾಗಿಗೆ 5 ಕೆ.ಜಿ. ಅಕ್ಕಿ ಹಾಕಿ ಎದೆಗೆ ಅಪ್ಪಿ ಹಿಡಿದು ಮಾಡಿ. ಆಮೇಲೆ 10 ಕೆ.ಜಿ. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನ್ ತುಂಬಿದಾಗ ಸುಮಾರು 20 ಕೆ.ಜಿ. ನೆಲದಿಂದ ಎತ್ತುವುದಕ್ಕೆ ಅದಕ್ಕಿಂತ ಅಗ್ಗದ ಸಾಮಾನು ಇಲ್ಲ. ಬೆನ್ನು ಬಾಗಿಸದೆ, ಸೊಂಟದಿಂದ ಬಗ್ಗಿ, ಕ್ಯಾನನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು. ಎಳೆಯುವುದಕ್ಕೆ ರಬ್ಬರ್ ಬ್ಯಾಂಡ್ ಒಂದು ಕೊಳ್ಳಿ. ನಿಮ್ಮ ಮೂರು ವರ್ಷದ ಜಿಮ್ ಫೀಸಿನಲ್ಲಿ ಅಂಥವು ಎಷ್ಟು ಬರುತ್ತಿದ್ದವು ಎಂದು ನಾನು ಲೆಕ್ಕ ಹಾಕುವುದಿಲ್ಲ. ಜಿಮ್ ಇಷ್ಟವಾದರೆ ಅಲ್ಲಿಗೇ ಹೋಗಿ, ತಪ್ಪೇನಿಲ್ಲ. ಎರಡು ದಿನ ಹೋಗುತ್ತೀರಿ ಎಂದು ತಲೆ ತಗ್ಗಿಸಬೇಡಿ.

ಮೊದಲ ನಾಲ್ಕು ತಿಂಗಳು ನಿಮಗೆ ಉಳಿಸಿಕೊಳ್ಳುವ ಪ್ರಶ್ನೆಯಲ್ಲ, ಕಳೆದುಕೊಂಡದ್ದನ್ನು ಮರಳಿ ಪಡೆಯುವ ಪ್ರಶ್ನೆ. ಆಗ ಈ ಎರಡು ದಿನ ತಪ್ಪಿಸಬೇಡಿ, ಸಾಧ್ಯವಾದರೆ ಮೂರು ಮಾಡಿ. ಬಹಳ ಕಾಲ ಬಿಟ್ಟವರ ಮೈ ಎರಡೇ ದಿನದ ಕೆಲಸಕ್ಕೂ ಚೆನ್ನಾಗಿ ಸ್ಪಂದಿಸುತ್ತದೆ. ಆಮೇಲೆ ಮಾರ್ಚ್ ಬಂತು ಅನ್ನಿ. ವಾರಕ್ಕೆ ಒಂದು ದಿನ, ಒಂದೊಂದೇ ಸೆಟ್, ಅದೇ ತೂಕ. ಕಾಲು ಗಂಟೆ ಸಾಕು. ಕ್ಲೋಸಿಂಗ್‌ನ ಕೊನೆ ವಾರ ಅದೂ ಆಗದಿದ್ದರೆ ಬಿಡಿ. ಓಡಾಡಿಕೊಂಡಿರುವ ಮನುಷ್ಯನ ಬಲ ಎರಡು ವಾರದಲ್ಲಿ ಎಲ್ಲೂ ಹೋಗುವುದಿಲ್ಲ. ಹಾಸಿಗೆ ಹಿಡಿದರೆ ಬೇರೆ ಮಾತು.

ನಾಲ್ಕೂವರೆಗೆ ಏಳಬೇಡಿ. ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಐದು ಗಂಟೆ ನಿದ್ದೆ. ಶಿಕಾಗೊದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಊಟ ಕಡಿಮೆ ಮಾಡಿದ ಅದೇ ಜನರನ್ನು ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಿಸಿ ನೋಡಿದರು. ಊಟ ಅಷ್ಟೇ. ನಿದ್ದೆ ಕಡಿಮೆಯಾದಾಗ ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಕಡಿಮೆಯಾಯಿತು, ಸ್ನಾಯು ಮುಂತಾದ ಕೊಬ್ಬಲ್ಲದ ಭಾಗದ ನಷ್ಟ ಹೆಚ್ಚಾಯಿತು. ಹತ್ತೇ ಜನರ ಪ್ರಯೋಗ, ದೊಡ್ಡ ಮಾತು ಆಡಲಾರೆ. ಆದರೂ ನಿದ್ದೆ ಕದ್ದು ಜಿಮ್‌ಗೆ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಇನ್ನು ಊಟ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್. ನಿಮ್ಮ ತೂಕಕ್ಕೆ ಸುಮಾರು 61 ಗ್ರಾಂ. ಭಾರ ಎತ್ತುವವರಿಗೆ ನಾನು ಸ್ವಲ್ಪ ಜಾಸ್ತಿ, 85–90 ಗ್ರಾಂ ಹೇಳುತ್ತೇನೆ. ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಅನ್ನ–ಸಾರು, ಸಂಜೆ ಮಂಡಕ್ಕಿ–ಮಿರ್ಚಿ ಆದರೆ ಅದರ ಅರ್ಧವೂ ಸೇರುವುದು ಕಷ್ಟ. ‘ದಿನಾ ಬೇಳೆ ತಿಂತೀನಲ್ಲ’ ಅನ್ನುವವರ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ನೂರು ಗ್ರಾಂ ಹಸಿ ಬೇಳೆಯಲ್ಲಿ ಇರುವುದೇ ಸುಮಾರು 22 ಗ್ರಾಂ. ಸಾರಿನಲ್ಲಿ ನಿಮ್ಮ ಪಾಲಿಗೆ ಬರುವುದು ಎಷ್ಟು?

ಬೆಳಿಗ್ಗೆ ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು. ಅಲ್ಲಿಗೆ 20 ಗ್ರಾಂ. ಮಧ್ಯಾಹ್ನ ಗಟ್ಟಿ ಬೇಳೆ ಅಥವಾ ಮೊಳಕೆಕಾಳಿನ ಪಲ್ಯ, ದೊಡ್ಡ ಬಟ್ಟಲು ಮೊಸರು. ಸಂಜೆ ಮಿರ್ಚಿ ಜಾಗದಲ್ಲಿ ಒಂದು ಹಿಡಿ ಹುರಿದ ಶೇಂಗಾ. ರಾತ್ರಿ ಎರಡು ಜೋಳದ ರೊಟ್ಟಿ, ಜೊತೆಗೆ 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಮಾಡಿದ ಪಲ್ಯ. ಆ ಸೋಯಾ ಒಂದರಲ್ಲೇ 25 ಗ್ರಾಂ ಇದೆ. ಸೋಯಾ ಬೇಜಾರಾದ ದಿನ 100 ಗ್ರಾಂ ಪನೀರ್, ಸುಮಾರು 18 ಗ್ರಾಂ. ಬೆಣ್ಣೆ ದೋಸೆ ಭಾನುವಾರ ತಿನ್ನಿ. ದಾವಣಗೆರೆಯಲ್ಲಿದ್ದು ಅದನ್ನೂ ಬಿಡಿ ಎನ್ನುವಷ್ಟು ಕಟುಕ ನಾನಲ್ಲ.

ಉಳಿದ ಪ್ರಶ್ನೆಗಳು ಚಿಕ್ಕವು.

ಪ್ರಶ್ನೆ: ನಾನು ನರ್ಸ್, ನೈಟ್ ಶಿಫ್ಟ್ ಜಾಸ್ತಿ. ಡಂಬೆಲ್ ಎತ್ತಿದರೆ ಗಂಡಸರ ಹಾಗೆ ಮೈ ಬರುತ್ತಾ?

ಉತ್ತರ: ಬರುವುದಿಲ್ಲ. ನೈಟ್ ಮುಗಿಸಿ ಬಂದ ಬೆಳಿಗ್ಗೆ ಎತ್ತಬೇಡಿ, ಮಲಗಿ. ಎದ್ದಮೇಲೆ ಎತ್ತಿ.

ಪ್ರಶ್ನೆ: ಬೆವರಿನ ಬೆಲ್ಟ್ ಕಟ್ಟಿಕೊಂಡರೆ ಹೊಟ್ಟೆ ಕರಗುತ್ತದೆಯೇ?

ಉತ್ತರ: ಬೆವರು ಹೋಗುತ್ತದೆ. ನೀರು ಕುಡಿದರೆ ವಾಪಸ್ ಬರುತ್ತದೆ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಕಡ್ಡಾಯವೇ? ಆಫೀಸಿನಲ್ಲಿ 6,000 ದಾಟುವುದಿಲ್ಲ.

ಉತ್ತರ: ಆ ಸಂಖ್ಯೆ ಬಂದದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ. ನಿಮ್ಮ 6,000 ಏನೂ ಕೆಟ್ಟದ್ದಲ್ಲ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ.

ಪ್ರಶ್ನೆ: ವ್ಹೇ ಪ್ರೋಟೀನ್ ತಗೊಂಡರೆ ಕಿಡ್ನಿ ಹೋಗುತ್ತದಂತೆ, ಹೌದಾ?

ಉತ್ತರ: ಅದು ಹಾಲಿನಿಂದ ತೆಗೆದ ಪುಡಿ. ಕಿಡ್ನಿ ಚೆನ್ನಾಗಿರುವವರಿಗೆ ಮಿತವಾಗಿ ತಗೊಂಡರೆ ತೊಂದರೆಯಿಲ್ಲ. ಕಿಡ್ನಿ ಕಾಯಿಲೆ ಇದ್ದರೆ, ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ‘ಮಾಸ್ ಗೇನರ್’ ಎಂಬ ದೊಡ್ಡ ಡಬ್ಬಗಳಲ್ಲಿ ಬಹುಪಾಲು ಪಿಷ್ಟ, ಸಕ್ಕರೆ. ಅದಕ್ಕಿಂತ ಬಾಳೆಹಣ್ಣು ಅಗ್ಗ.

ಪ್ರಶ್ನೆ: ಜಿಮ್‌ಗೆ ಹೋಗುವವರಿಗೇ ಹಾರ್ಟ್ ಅಟ್ಯಾಕ್ ಆಗುತ್ತಿದೆಯಲ್ಲ? ಮನೆಯವರು ಕಳಿಸುತ್ತಿಲ್ಲ.

ಉತ್ತರ: 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ಆಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಯಾರೋ ಒಬ್ಬರ ಸಾವಿನಿಂದ ನಿಮ್ಮ ಹೃದಯದ ಬಗ್ಗೆ ಏನನ್ನೂ ಹೇಳಲಾಗದು. ತುಂಬ ಬಿರುಸಿನ ಶ್ರಮದ ಹೊತ್ತಿನಲ್ಲಿ ಅಪಾಯ ಸ್ವಲ್ಪ ಏರುತ್ತದೆ, ಅದೂ ಅಭ್ಯಾಸವಿಲ್ಲದೆ ಏಕಾಏಕಿ ಧುಮುಕುವವರಿಗೆ. ನಿಯಮಿತವಾಗಿ ಮಾಡುವವರಿಗೆ ಒಟ್ಟಾರೆ ಅಪಾಯ ಇಳಿಯುತ್ತದೆ. ನಮ್ಮ ದೇಶದವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಬೀಡಿ–ಸಿಗರೇಟು ಬಿಟ್ಟು ಶುರು ಮಾಡಿ. ಶ್ರಮಪಟ್ಟಾಗ ಎದೆ ಬಿಗಿದರೆ, ದವಡೆ ಅಥವಾ ಎಡಗೈಗೆ ನೋವು ಹರಿದರೆ, ತಲೆ ಸುತ್ತಿದರೆ ‘ಗ್ಯಾಸ್ ಇರಬೇಕು’ ಎನ್ನದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಕೆಲಸ. ಜಿಮ್‌ಗೆ ಬಿಡುವಿಲ್ಲ ಎಂದಾಗ ಟ್ರೈನರ್ ಎಂಟು ವಾರದ ‘ಕೋರ್ಸ್’ ಕೊಡ್ತೀನಿ ಅಂದರು. ನಾಲ್ಕು ಇಂಜೆಕ್ಷನ್ ಆಗಿದೆ. ಮೈ ತುಂಬಿಕೊಂಡಿದೆ. ಮುಂದುವರಿಸಲೇ? ಮುಂದಿನ ವರ್ಷ ಮದುವೆ.

ಉತ್ತರ: ಬೇಡ, ನಿಲ್ಲಿಸಿ. ನಿಮಗೆ ಚುಚ್ಚುತ್ತಿರುವುದು ಬಹುತೇಕ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಅಥವಾ ಅದರ ಜಾತಿಯದೇ ಇನ್ನೊಂದು. ಹೊರಗಿನಿಂದ ಅದು ಬಂದರೆ ಮೈ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು. ಚುಚ್ಚುವ ಸೂಜಿ ಹೊಸದೇ ಎಂದು ನೋಡಿದಿರಾ? ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಮಾರುವವರನ್ನು ಟ್ರೈನರ್ ಎಂದು ಕರೆಯುವುದು ನಿಮ್ಮ ದೊಡ್ಡತನ.

ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಸೀಸೆಯ ಫೋಟೋ ಇದ್ದರೆ ತಗೊಂಡು ಹೋಗಿ, ಎಷ್ಟು ಸಲ ಎಂಬುದನ್ನು ಬಿಚ್ಚಿ ಹೇಳಿ. ಹಾರ್ಮೋನ್, ಹಿಮೋಗ್ಲೋಬಿನ್, ಲಿವರ್, ಕೊಲೆಸ್ಟ್ರಾಲ್, ವೀರ್ಯ ಪರೀಕ್ಷೆ ಮಾಡಿಸುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ. ನಿಲ್ಲಿಸಿದ ಮೇಲೆ ಕೆಲವು ತಿಂಗಳು ಸುಸ್ತು, ಬೇಸರ, ಆಸಕ್ತಿ ಇಲ್ಲದಿರುವುದು ಇರಬಹುದು. ಆಗ ಅದೇ ಟ್ರೈನರ್ ‘ಸರಿಮಾಡುವ ಕೋರ್ಸ್’ ಅಂತ ಇನ್ನೊಂದು ತರುತ್ತಾರೆ. ಅದನ್ನೂ ಮುಟ್ಟಬೇಡಿ.

ಪ್ರಶ್ನೆ: ನನಗೊಂದು ಡಯಟ್ ಚಾರ್ಟ್ ವಾಟ್ಸಾಪ್ ಮಾಡಿ.

ಉತ್ತರ: ಇಲ್ಲ.